ಹೊಂಗೇಕುಂಟೆ ಹೆಣ್ಣು

ನಮ್ಮೂರ ಹೆಣ್ಣುಮಕ್ಕಳಿಗೆ ಬಾಯಿ ಜಾಸ್ತಿ ಎಂದು ದೇವನಹಳ್ಳಿಯಿಂದ ಹೊಸಕೋಟೆಯವರೆಗೆ ಮಾತಿದೆ. ಇರಲಿ ಬಿಡಿ. ಬಾಯಿ ಇರುವುದು ಆಡುವುದಕ್ಕೇ. ನನಗೆ ಸಿಟ್ಟು ಬರುವುದು ಆ ಮಾತಿಗಲ್ಲ. ಯಾವೂರು ಎಂದು ಕೇಳಿ, ಹೊಂಗೇಕುಂಟೆ ಎಂದ ಕೂಡಲೇ, ಸಂತೆಯಲ್ಲಿ ಹಸುವಿನ ಹಲ್ಲು ನೋಡಿದವರ ಹಾಗೆ 'ಓಹೋ' ಎಂದು ತಲೆಯಾಡಿಸುತ್ತಾರಲ್ಲ, ಅದಕ್ಕೆ. ನಾನಿನ್ನೂ ಬಾಯಿ ತೆರೆದೇ ಇರುವುದಿಲ್ಲ, ಅವರಿಗೆ ನನ್ನ ಪೂರ್ತಿ ಜಾತಕ ತಿಳಿದುಬಿಟ್ಟಿರುತ್ತದೆ.

ನಾನು ರುಕ್ಮಿಣಮ್ಮ. ಹುಟ್ಟಿದ್ದು ಹೊಂಗೇಕುಂಟೆ, ಕೊಟ್ಟಿದ್ದೂ ಹೊಂಗೇಕುಂಟೆಗೇ, ಸೋದರತ್ತೆಯ ಮಗ ಸಂಜೀವಪ್ಪನಿಗೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಒಂದು ಮೂಲೆಯಲ್ಲಿದೆ ನಮ್ಮೂರು. ನಮ್ಮ ಯಜಮಾನರು ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ, ಎಮ್ಮೆ ಗುಮ್ಮಲು ಬಂದರೂ 'ಸ್ವಲ್ಪ ಆಕಡೆ ಹೋಗಮ್ಮ' ಎನ್ನುವಂಥ ಮನುಷ್ಯ. ನಮಗೆ ಒಬ್ಬಳೇ ಮಗಳು, ಹರ್ಷಿತ. ಇದು ಅವಳ ಮದುವೆಯ ಕಥೆ. ಆದರೆ ಅದಕ್ಕೆ ಮುಂಚೆ ನಮ್ಮೂರಿಗೆ ಆ ಹೆಸರು ಹೇಗೆ ಬಂತು ಎಂಬುದನ್ನು ಹೇಳಿಬಿಡಬೇಕು, ಯಾಕೆಂದರೆ ಕಣ್ಣಾರೆ ಕಂಡವಳು ನಾನು.

ಹರ್ಷಿತ ಇನ್ನೂ ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಮಧ್ಯಾಹ್ನ ಅಳತೆಯವರು ಜೀಪಿನಲ್ಲಿ ಬಂದು, ಯಾರಿಗೂ ಹೇಳದೆ ಕೇಳದೆ, ನಮ್ಮ ಹೊಲಗಳಲ್ಲಿ ಕೆಂಪು ಬಣ್ಣ ಬಳಿದ ಕಲ್ಲು ನೆಡತೊಡಗಿದರು. ಕಾರ್ಖಾನೆಗೆ ಜಮೀನು ಬೇಕಂತೆ. ಕಳೆ ತೆಗೆಯಲು ಹೋಗಿದ್ದ ನಾವೊಂದಷ್ಟು ಹೆಂಗಸರು ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ನಮ್ಮಲ್ಲಿ ಎದ್ದು ಹೋದವಳು ದ್ಯಾವಮ್ಮ ಒಬ್ಬಳೇ. ಆಕೆ ಅವರಿಗೆ ಏನೇನು ಅಂದಳೆಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ನೆಟ್ಟ ಕಲ್ಲನ್ನೆಲ್ಲ ಅವರ ಕೈಯಿಂದಲೇ ಕೀಳಿಸಿ, ಅವರ ಜೀಪಿಗೇ ತುಂಬಿಸಿ ಕಳಿಸಿದಳು. ಯಾರೋ ಫೋನಿನಲ್ಲಿ ಫೋಟೋ ಹಿಡಿದರು. ಮುಂದೆ ದ್ಯಾವಮ್ಮ, ಅವಳ ಹಿಂದೆ ನಾವೆಲ್ಲ ಬಾಯಿ ತೆರೆದುಕೊಂಡು. ಪೇಪರಿನಲ್ಲಿ 'ರೊಚ್ಚಿಗೆದ್ದ ಮಹಿಳೆಯರು' ಎಂದು ಬಂತು. ನನ್ನ ಬಾಯಿ ತೆರೆದಿದ್ದು ಮುದ್ದೆ ನುಂಗುವುದಕ್ಕೆ.

ಆಮೇಲೆ ನಡೆದದ್ದು ಇನ್ನೂ ತಮಾಷೆ. ಹೆಸರು ಮೊದಲು ಬಂತು, ಬಾಯಿ ಆಮೇಲೆ ಬಂತು. ದ್ಯಾವಮ್ಮನಿಗೆ ಮಂಡಿ ನೋವು ಹಿಡಿದು ಜಗಲಿ ಬಿಟ್ಟು ಏಳದಂತಾದಾಗ ಊರಿನವರು ನನ್ನ ಬಾಗಿಲಿಗೆ ಬಂದರು. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ನಾನು ಕರೆಂಟ್ ಆಫೀಸಿನ ಮೆಟ್ಟಿಲು ಹತ್ತಿದ್ದು ಹೆದರಿಕೊಂಡೇ. ಒಳಗೆ ಹೋಗಿ ಊರ ಹೆಸರು ಹೇಳಿದೆ, ಅಷ್ಟೇ. ಕುರ್ಚಿಯಲ್ಲಿದ್ದವನು ಎದ್ದು ನಿಂತ, ಕುಡಿಯಲು ನೀರು ತರಿಸಿದ, ಅಕ್ಕಾ ಎಂದ. ಗದರಿಸುವ ಮೊದಲೇ ಎದುರಿನವನು ಹೆದರಿದರೆ ಯಾರಿಗೆ ತಾನೇ ಗದರಿಸುವ ಆಸೆ ಹುಟ್ಟುವುದಿಲ್ಲ? ನಾನು ಕಲಿತೆ. ಚೆನ್ನಾಗಿಯೇ ಕಲಿತೆ. ಆ ಹೆಸರಿನಿಂದ ನಮ್ಮೂರಿಗೆ ಟ್ರಾನ್ಸ್‌ಫಾರ್ಮರ್ ಬೇಗ ಬಂತು, ನಿಲ್ಲದೆ ಹೋಗುತ್ತಿದ್ದ ಬಸ್ಸು ನಿಲ್ಲತೊಡಗಿತು, ಕಲ್ಲು ನೆಡುವವರು ನಮ್ಮ ದಿಕ್ಕಿಗೆ ತಲೆ ಹಾಕಲಿಲ್ಲ. ಸುಳ್ಳೇಕೆ ಹೇಳಲಿ, ಹೊಂಗೇಕುಂಟೆ ಹೆಣ್ಣು ಅನ್ನಿಸಿಕೊಳ್ಳುವುದು ನನಗೆ ಹಿತವಾಗಿತ್ತು.

ಆದರೆ ನಮ್ಮ ಗಂಡಸರು ಬಲು ಜಾಣರು. ಜಮೀನು, ದಾರಿ, ಬದುವಿನ ತಕರಾರು ಏನೇ ಇರಲಿ, ನಮ್ಮ ಕಡೆ ಹೆಂಗಸರನ್ನು ಮುಂದೆ ಬಿಡುವುದು ವಾಡಿಕೆ. ಗಂಡಸು ಕೈಯೆತ್ತಿದರೆ ಕೇಸಾಗುತ್ತದೆ, ಹೆಂಗಸು ಬಾಯೆತ್ತಿದರೆ ಪೊಲೀಸಿನವರೂ ಹಿಂದೆ ಸರಿಯುತ್ತಾರೆ. ಕೂಗಾಟ ಮುಗಿಯುವವರೆಗೆ ರುಕ್ಮಿಣಕ್ಕ ನೀನಿಲ್ಲದಿದ್ದರೆ ಹೇಗೆ ಎನ್ನುತ್ತಾರೆ. ಅದೇ ಅವರ ಮನೆಯಲ್ಲಿ ಮದುವೆ ಬಂದಾಗ, ಮದುಮಗಳಿಗೆ ಅರಿಶಿನ ಹಚ್ಚುವುದಕ್ಕೆ ಬೇರೆ ಮುತ್ತೈದೆಯರನ್ನು ಕರೆಯುತ್ತಾರೆ. ಬಜಾರಿಯ ಕೈಯಿಂದ ಅರಿಶಿನ ಹಚ್ಚಿಸಿಕೊಂಡರೆ ಮದುಮಗಳಿಗೂ ಬಾಯಿ ಬರುತ್ತದಂತೆ. ಇದನ್ನು ನನ್ನ ಎದುರಿಗೆ ಯಾರೂ ಹೇಳಿಲ್ಲ. ಹೇಳುವ ಧೈರ್ಯ ಯಾರಿಗಿದೆ?

ಇಂಥ ನನ್ನ ಹೊಟ್ಟೆಯಲ್ಲಿ ಹರ್ಷಿತ ಹುಟ್ಟಿದಳು ನೋಡಿ. ಅಪ್ಪನ ಅಚ್ಚು. ಶಾಲೆಯಲ್ಲಿ ಯಾರಾದರೂ ಅವಳ ಜಾಗದಲ್ಲಿ ಕೂತರೆ ಏಳು ಎನ್ನದೆ ನೆಲದ ಮೇಲೆ ಕೂತು ಬರುತ್ತಿದ್ದಳು. ನಾನು ಬೈದರೆ ನಕ್ಕುಬಿಡುತ್ತಿದ್ದಳು. ಓದಿಕೊಂಡು, ದೇವನಹಳ್ಳಿಯ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಅವಳು ಸೂಜಿ ಚುಚ್ಚಿದರೆ ಮಕ್ಕಳೂ ಅಳುವುದಿಲ್ಲ, ಅಷ್ಟು ಮೆತ್ತಗಿನ ಕೈ, ಅದಕ್ಕಿಂತ ಮೆತ್ತಗಿನ ಮಾತು. ಎಷ್ಟೋ ಸಲ ಅವಳು ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದರೂ ನನಗೆ ಕೇಳಿಸುವುದಿಲ್ಲ.

ಅವಳಿಗೆ ಗಂಡು ನೋಡತೊಡಗಿದಾಗ ಆ ಹೆಸರು ನಮ್ಮ ಮನೆ ಹೊಸ್ತಿಲ ಮೇಲೇ ಕೂತುಬಿಟ್ಟಿತು. ನೆಲಮಂಗಲದ ಒಂದು ಮನೆಯವರು ಫೋಟೋ ನೋಡಿ ಒಪ್ಪಿದರು, ಊರು ಕೇಳಿ ಹಿಂದೆ ಸರಿದರು. ಆ ಕಡೆ ಹೆಣ್ಣು ತಂದರೆ ಅಡುಗೆಮನೆ ಮುಂದೆ ಧರಣಿ ಕೂರುತ್ತಾಳೆ ಎಂದರಂತೆ. ಹೊಸಕೋಟೆ ಕಡೆಯವರು ಬಂದು, ಹೊಟ್ಟೆ ತುಂಬಾ ತಿಂದು, ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಕೊಟ್ಟೇ ಇರಲಿಲ್ಲ ನಾವು. ಹರ್ಷಿತ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕಣ್ಣೊರೆಸಿಕೊಳ್ಳುವುದನ್ನು ಕಂಡೆ. ಕರೆಂಟ್ ಆಫೀಸಿನಲ್ಲಿ ನನಗೆ ನೀರು ತರಿಸಿಕೊಟ್ಟ ಹೆಸರೇ ನನ್ನ ಮಗಳನ್ನು ಅಳಿಸುತ್ತಿತ್ತು, ಅದಕ್ಕೆ ಯಾವ ಆಫೀಸಿಗೆ ಹೋಗಿ ಕೂಗಲಿ?

ಹೀಗಿರುವಾಗ ಸಂಬಂಧ ಕುದುರಿಸುವ ಮುನಿಸ್ವಾಮಿ ಹಲ್ಲು ಕಿರಿಯುತ್ತಾ ಬಂದ. ಬೂದಿಗೆರೆ ದಾಟಿ ಬಿದಿರೇನಹಳ್ಳಿ ಎಂಬ ಊರು. ಆದಿನಾರಾಯಣಪ್ಪ ಎನ್ನುವವರ ಮಗ ಅಂಜನ್, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ತಾಯಿ ಇಲ್ಲದ ಹುಡುಗ, ಅಜ್ಜಿ ಅಶ್ವತ್ಥಮ್ಮ ಸಾಕಿದ್ದು. ಹಿಪ್ಪುನೇರಳೆ ಹೊಲ, ರೇಷ್ಮೆ ಹುಳು ಸಾಕಣೆ ಇದೆ. ಊರ ಹೆಸರು ಹೇಳಿದ್ದೀಯಾ ಎಂದು ನಾನು ಮೊದಲೇ ಕೇಳಿದೆ.

"ಅಯ್ಯೋ ರುಕ್ಮಿಣಕ್ಕ, ಅವ್ರೇ ಕೇಳಿದ್ದು. ತಂದ್ರೆ ಹೊಂಗೇಕುಂಟೆ ಹೆಣ್ಣೇ ತರ್ಬೇಕು ಅಂತ ಆ ಅಜ್ಜಿ ಹಠ ಹಿಡ್ದವ್ಳೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬಿದಿರೇನಹಳ್ಳಿಯವರೆಂದರೆ ಸಾಧು ಜನ ಎಂದು ಹೆಸರುವಾಸಿ. ಅಲ್ಲಿ ನಾಯಿ ಕೂಡ ಕೇಳಿಕೊಂಡು ಬೊಗಳುತ್ತದೆ ಎಂದು ನಾವೇ ಆಡಿಕೊಂಡು ನಕ್ಕಿದ್ದೇವೆ. ಅಂಥವರಿಗೆ ನಾವು ಬೇಕಂತೆ. ನಮ್ಮ ಯಜಮಾನರಿಗೆ ಸಂತೋಷವೋ ಸಂತೋಷ. ನನಗೆ ಮಾತ್ರ ಒಳಗೊಳಗೇ ಏನೋ ಚುಚ್ಚುತ್ತಿತ್ತು, ಆದರೆ ಮಗಳ ಮುಖ ನೆನೆದು ಬಾಯಿ ಮುಚ್ಚಿಕೊಂಡೆ.

ಭಾನುವಾರ ಹೆಣ್ಣು ನೋಡಲು ಬಂದರು. ಅಶ್ವತ್ಥಮ್ಮ ಬೆಳ್ಳಗೆ ಸಣ್ಣಗೆ ಇದ್ದ ಮುದುಕಿ, ಸೆರಗು ಭುಜದ ಮೇಲಿಂದ ಇಳಿಯದಂಥ ಶಿಸ್ತು, ಮಾತೆಲ್ಲ ಪಿಸುಮಾತು. ಹರ್ಷಿತ ತಟ್ಟೆ ತಂದಿಟ್ಟು ನಮಸ್ಕರಿಸಿದಳು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಉಪ್ಪಿಟ್ಟಿಗೆ ಉಪ್ಪೇ ಇಲ್ಲ ಎಂದರು. ಉಪ್ಪು ಸರಿಯಾಗಿಯೇ ಇತ್ತು, ಹಾಕಿದವಳು ನಾನು. ಹರ್ಷಿತ ಮಾತಾಡದೆ ಒಳಗೆ ಹೋಗಿ ಉಪ್ಪಿನ ಬಟ್ಟಲು ತಂದು ಅವರ ಪಕ್ಕ ಮೆಲ್ಲಗೆ ಇಟ್ಟಳು. ಅಜ್ಜಿಯ ಮುಖ ಅರಳಿಹೋಯಿತು. ಮಗನ ಕಡೆ ವಾಲಿ, ಬಟ್ಟಲು ಹೇಗೆ ಕುಕ್ಕಿದಳು ನೋಡಿದೆಯಾ ಎಂದರು. ಕಾಫಿ ತಣ್ಣಗಾಗಿದೆ ಎಂದರು, ಹರ್ಷಿತ ಬಿಸಿ ಮಾಡಿ ತಂದಳು. ಅದಕ್ಕೂ ಅಜ್ಜಿ ಕಣ್ಣು ಮಿಟುಕಿಸಿದರು. ಹುಡುಗಿ ನೆಲ ನೋಡಿದರೆ ಒಳಗೆ ಕುದಿಯುತ್ತಿದೆ ಎಂದು ಅರ್ಥ, ತಲೆಯೆತ್ತಿದರೆ ಎದೆಗಾರಿಕೆ ಎಂದು ಅರ್ಥ. ನನ್ನ ಮಗಳು ಏನು ಮಾಡಿದರೂ ಆ ಮುದುಕಿಗೆ ಹೊಂಗೇಕುಂಟೆಯೇ ಕಾಣುತ್ತಿತ್ತು.

ಅಂಜನ್ ಮತ್ತು ಹರ್ಷಿತ ಹಿತ್ತಲ ಸೀಬೆ ಗಿಡದ ಹತ್ತಿರ ನಿಂತು ಮಾತಾಡಿದರು. ಹುಡುಗ ಒಳ್ಳೆಯವನು. ಅವಳು ಮಾತಾಡುವಾಗ ಕಿವಿ ಹತ್ತಿರ ತಂದು ಕೇಳಿಸಿಕೊಳ್ಳುತ್ತಿದ್ದ, ಇನ್ನೊಂದು ಸಲ ಹೇಳಿ ಎನ್ನುತ್ತಿದ್ದ, ಜೋರಾಗಿ ಹೇಳಿ ಎನ್ನಲಿಲ್ಲ. ಆಮೇಲೆ ದಿನಾ ಫೋನು. ಫೋನಿನಲ್ಲಿ ಮಾತಾಡಿ ಬಂದ ಮೇಲೆ ಹರ್ಷಿತ ದನಕ್ಕೆ ನೀರಿಡುವಾಗಲೂ ನಗುತ್ತಿದ್ದಳು. ನಾನು ರೇಗಿಸಿದರೆ ಕೆಂಪಗಾಗುತ್ತಿದ್ದಳು. ಇನ್ನು ಎಲೆ ಅಡಿಕೆ ಬದಲಿಸಿಕೊಂಡು ಮಾತು ಗಟ್ಟಿ ಮಾಡುವುದೊಂದೇ ಉಳಿದಿತ್ತು.

ಅದಕ್ಕೂ ಮುಂಚೆ ಗಂಡಿನ ಮನೆ ನೋಡಿ ಬರುವ ಪದ್ಧತಿ ಇದೆಯಲ್ಲ, ಅದಕ್ಕಾಗಿ ನಾವು ಬಿದಿರೇನಹಳ್ಳಿಗೆ ಹೋದೆವು. ಅಜ್ಜಿ ಹುಡುಗಿಯನ್ನೂ ಕರೆತರಲೇಬೇಕೆಂದು ಹೇಳಿ ಕಳಿಸಿದ್ದರು. ಹೆಣ್ಣನ್ನು ಕರೆದುಕೊಂಡು ಹೋಗುವುದು ನಮ್ಮಲ್ಲಿಲ್ಲ, ಆದರೂ ಕರೆದುಕೊಂಡು ಹೋದೆ. ಒಳ್ಳೆಯ ಮನೆ. ಹುಳು ಮನೆಯೂ ಅಚ್ಚುಕಟ್ಟು. ಆದರೆ ತಟ್ಟೆಗಳಲ್ಲಿ ಹುಳುಗಳ ಮೇಲೆ ಹಾಕಿದ್ದ ಸೊಪ್ಪು ಬಾಡಿ ಜೋಲು ಬಿದ್ದಿತ್ತು. ಹೊಲ ಊರ ಹಿಂದೆಯೇ ಇದೆ ಅಂದಿರಿ, ಮತ್ತೆ ಬಾಡಿದ ಸೊಪ್ಪು ಯಾಕೆ ಹಾಕುತ್ತೀರಿ ಎಂದೆ. ಅಜ್ಜಿ ಅದನ್ನೇ ಕಾಯುತ್ತಿದ್ದವರಂತೆ, ಬನ್ನಿ ತೋರಿಸುತ್ತೇನೆ ಎಂದು ಮುಂದೆ ನಡೆದರು.

ಊರ ಹಿಂದೆ ಬಂಡಿ ದಾರಿ. ತಾತ ಮುತ್ತಾತನ ಕಾಲದಿಂದ ಗಾಡಿ ಹೊಡೆದ ದಾರಿ, ನಕಾಶೆಯಲ್ಲೂ ಇದೆಯಂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಹೊಸ ಲೇಔಟಿನ ಕಾಂಪೌಂಡು ಆ ದಾರಿಯನ್ನು ನುಂಗಿಕೊಂಡಿತ್ತು. ಅಡ್ಡಲಾಗಿ ಕಬ್ಬಿಣದ ಗೇಟು, ಅದಕ್ಕೆ ಬೀಗ, ಪಕ್ಕದಲ್ಲಿ ಸಮವಸ್ತ್ರ ಹಾಕಿದ ಕಾವಲಿನವನು ಕುರ್ಚಿಯಲ್ಲಿ. ಗೇಟಿನ ಸಂದಿಯಿಂದ ಅಜ್ಜಿಯ ಹಿಪ್ಪುನೇರಳೆ ಹೊಲ ಹಸಿರಾಗಿ ಕಾಣುತ್ತಿತ್ತು. ಆದರೆ ಅಲ್ಲಿಗೆ ಹೋಗಬೇಕಾದರೆ ಡಾಂಬರು ರಸ್ತೆ ಹಿಡಿದು ಊರೆಲ್ಲ ಸುತ್ತಬೇಕು. ಸೊಪ್ಪು ಹೊತ್ತು ತರುವಷ್ಟರಲ್ಲಿ ಬಿಸಿಲಿಗೆ ಬಾಡುತ್ತದೆ, ಬಾಡಿದ ಸೊಪ್ಪು ತಿಂದ ಹುಳು ಗೂಡು ಸರಿಯಾಗಿ ಕಟ್ಟುವುದಿಲ್ಲ. ಹೋಗಿ ಕೇಳಲಿಲ್ಲವೇ ಎಂದೆ. ಕೇಳಿದ್ದರಂತೆ. ಕೈ ಮುಗಿದು ಕೇಳಿದ್ದರಂತೆ. ನೀವು ಬಿದಿರೇನಹಳ್ಳಿಯವರು ಒಳ್ಳೆಯ ಜನ, ಸ್ವಲ್ಪ ಸಹಕರಿಸಿ ಎಂದು ಲೇಔಟಿನವರು ಟೀ ಕೊಟ್ಟು ಕಳಿಸಿದ್ದರಂತೆ. ಸಾಧು ಜನ ಎನ್ನುವ ಬಿರುದು ಕೊಟ್ಟು ಇವರ ದಾರಿಯನ್ನೇ ಕಿತ್ತುಕೊಂಡಿದ್ದರು, ಇವರು ಆ ಬಿರುದನ್ನು ಹೊತ್ತುಕೊಂಡು ಊರು ಸುತ್ತುತ್ತಿದ್ದರು.

ಆದಿನಾರಾಯಣಪ್ಪನವರು ಗಂಟಲು ಸರಿಮಾಡಿಕೊಂಡು, ಹೊಂಗೇಕುಂಟೆಯಿಂದ ಸೊಸೆ ತರುತ್ತಿದ್ದೇವೆ ಎಂದು ಲೇಔಟಿನವರಿಗೆ ಆಗಲೇ ಹೇಳಿಬಿಟ್ಟಿದ್ದೇನೆ ಎಂದರು. ಅಜ್ಜಿ ಹರ್ಷಿತಳ ಬೆನ್ನ ಮೇಲೆ ಕೈಯಿಟ್ಟರು.

"ಗಂಡುಸ್ರು ಹೋದ್ರೆ ಕೇಸು ಹಾಕ್ತಾರೆ ಮಗಾ. ನೀನು ಒಂದ್ಸಲ ಬಾಯ್ಬಿಡು. ಮದ್ವೆಗೆ ಮುಂಚೆನೇ ಒಂದು ರುಚಿ ತೋರ್ಸು ಅವ್ರಿಗೆ."

ಆಗ ನನಗೆ ಎಲ್ಲಾ ತಿಳಿಯಿತು. ಉಪ್ಪಿನ ಬಟ್ಟಲು, ತಣ್ಣನೆ ಕಾಫಿ, ಹೊಂಗೇಕುಂಟೆ ಹೆಣ್ಣೇ ಬೇಕೆಂಬ ಹಠ. ಇವರು ಸೊಸೆ ನೋಡಲು ಬಂದಿರಲಿಲ್ಲ, ಬಾಡಿಗೆಗೆ ಬಾಯಿ ನೋಡಲು ಬಂದಿದ್ದರು. ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಆ ಹೆಸರಿನಿಂದ ಸಂಬಂಧ ತಪ್ಪುತ್ತಿತ್ತು, ಇವತ್ತು ಅದೇ ಹೆಸರಿನಿಂದ ಸಂಬಂಧ ಕೂಡುತ್ತಿತ್ತು. ಎರಡರಲ್ಲೂ ನನ್ನ ಮಗಳು ಎಲ್ಲೂ ಇರಲಿಲ್ಲ.

ನಮ್ಮ ಯಜಮಾನರು ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು. ಸುಮ್ಮನಿರು, ಈಗ ಹೂಂ ಅಂದುಬಿಡೋಣ, ಮದುವೆ ಆದ ಮೇಲೆ ಹೇಗೋ ಆಗುತ್ತದೆ ಎನ್ನುವ ನೋಟ. ಅಂಜನ್ ಮುಂದೆ ಬಂದು, ಹರ್ಷಿತ ಅವರಿಗೆ ಕೂಗುವುದೆಲ್ಲ ಬರುವುದಿಲ್ಲ ಎಂದು ನಾನು ಮೊದಲೇ ಹೇಳಿರಲಿಲ್ಲವೇ ಅಜ್ಜಿ ಎಂದ. ಅಜ್ಜಿ ನಕ್ಕರು. ಶುರುವಿನಲ್ಲಿ ಎಲ್ಲರೂ ಹಾಗೇ, ಹೊಂಗೇಕುಂಟೆ ರಕ್ತ ಎಲ್ಲಿ ಹೋಗುತ್ತದೆ ಎಂದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮಗಳ ಬದಲು ನಾನೇ ಕೂಗಿಬಿಡೋಣ, ಆ ಗೇಟು ಕಿತ್ತು ಬೀಳುವ ಹಾಗೆ ಕೂಗೋಣ, ಅವಳ ಮದುವೆ ಉಳಿಯಲಿ ಎಂದು ಒಂದು ಹೆಜ್ಜೆ ಇಟ್ಟೆ. ಹರ್ಷಿತ ನನ್ನ ಮಣಿಕಟ್ಟು ಹಿಡಿದಳು. ಸೂಜಿಗೆ ಹೆದರುವ ಮಕ್ಕಳನ್ನು ಹಿಡಿದಿಡುವ ಕೈ ಅದು, ಮೆತ್ತಗಿದ್ದರೂ ಬಿಡಿಸಿಕೊಳ್ಳಲು ಆಗುವುದಿಲ್ಲ. ಅವಳು ಅಜ್ಜಿಯ ಕಡೆ ತಿರುಗಿದಳು.

"ದಿನಾ ರಕ್ತನೇ ನೋಡ್ತೀನಿ ಅಜ್ಜಿ. ಅದ್ರಲ್ಲಿ ಊರ ಹೆಸ್ರು ಬರ್ದಿರಲ್ಲ."

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಅಮ್ಮಂಗೆ ಕೂಗೋಕೆ ಬರುತ್ತೆ, ನಂಗೆ ಬರಲ್ಲ. ಕಲಿಯೋ ಆಸೇನೂ ಇಲ್ಲ. ನಂಗೆ ಅಂಜನ್ ಅಂದ್ರೆ ಇಷ್ಟ. ಆದ್ರೆ ಕೂಗೋಕೆ ಅಂತ ಕರ್ಕೊಂಡು ಬರೋದಾದ್ರೆ ಈ ಮದ್ವೆ ಬೇಡ. ದಾರಿ ನಿಮ್ದು, ಹೊಲ ನಿಮ್ದು. ನೀವ್ಯಾಕೆ ಕೂಗಲ್ಲ ಅಜ್ಜಿ?"

ಯಜಮಾನರು ಕಣ್ಣು ಮುಚ್ಚಿಕೊಂಡರು. ಹೋಯಿತು, ಇದೂ ಹೋಯಿತು ಎಂದು ನನಗೂ ಅನ್ನಿಸಿತು. ಆದರೆ ನಿಜ ಹೇಳಬೇಕೆಂದರೆ, ಅದೇ ಕ್ಷಣ, ನನ್ನ ಮಗಳ ಮೇಲೆ ಅಷ್ಟು ಹೆಮ್ಮೆ ನನಗೆ ಯಾವತ್ತೂ ಬಂದಿರಲಿಲ್ಲ.

ಅಶ್ವತ್ಥಮ್ಮ ಸೆರಗು ಸರಿಮಾಡಿಕೊಂಡು, ನಾವು ಮರ್ಯಾದಸ್ತರು ಕಣಮ್ಮ, ನಮ್ಮ ಊರಲ್ಲಿ ಹೆಂಗಸರು ಬೀದಿಯಲ್ಲಿ ನಿಂತು ಬಾಯಿ ಮಾಡುವುದಿಲ್ಲ ಎಂದರು. ಅಂದರೆ ನಾವೇನು ಮರ್ಯಾದೆಗೆಟ್ಟವರೇ? ನನಗೆ ತಡೆಯಲಾಗಲಿಲ್ಲ.

"ನಿಮ್ಮ ಮರ್ಯಾದೆ ನಿಮ್ಹತ್ರ ಇರ್ಲಿ, ಬಯ್ಯೋಕೆ ಮಾತ್ರ ನಮ್ಮನೆ ಹೆಣ್ಣು ಬೇಕು, ಅಲ್ವಾ ಬೀಗಿತ್ತಿ? ಸಾಧು ಅನ್ನಿಸ್ಕೊಳ್ಳೋಕೆ ನೀವು, ಬಜಾರಿ ಅನ್ನಿಸ್ಕೊಳ್ಳೋಕೆ ನಾವು."

ಮುದುಕಿಯ ಮುಖ ಕೆಂಪಗಾಯಿತು. ಮೊದಲು ನನ್ನನ್ನು ನೋಡಿದರು, ಆಮೇಲೆ ಹರ್ಷಿತಳನ್ನು. ಆ ಸಣ್ಣ ಎದೆಯಿಂದ ಎಂಥ ದನಿ ಬಂತು ಎನ್ನುತ್ತೀರಿ. ಮೊದಲು ಹರ್ಷಿತಳನ್ನೇ ಹಿಡಿದುಕೊಂಡರು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗೆ ಬುದ್ಧಿ ಹೇಳುತ್ತೀಯಾ, ನಿನಗೇನು ಗೊತ್ತು ಈ ದಾರಿಯ ಕಷ್ಟ, ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಕತ್ತು ಬಿದ್ದುಹೋಗಿದೆ, ಹುಳು ಸಾಯುತ್ತಿವೆ, ಇವರು ಟೀ ಕೊಡುತ್ತಾರೆ. ಟೀ ಎನ್ನುವ ಮಾತು ಬಂದಿದ್ದೇ ತಡ, ಅಜ್ಜಿ ತಿರುಗಿ ಗೇಟಿನ ಕಡೆಗೆ ನಡೆದರು. ಬಯ್ಗುಳ ಅಲ್ಲಿಗೂ ತಿರುಗಿತು.

"ನಿಮ್ಮ ಟೀ ನೀವೇ ಕುಡ್ಕೊಳ್ರೋ. ನಮ್ಮತ್ತೆ ಬಸುರಿಯಾಗಿ ಓಡಾಡಿದ್ ದಾರಿ ಇದು. ನಾನು ಮದುಮಗಳಾಗಿ ಬಂದಿದ್ದೂ ಇದೇ ದಾರೀಲಿ. ಬೀಗ ಹಾಕೋಕೆ ನೀವ್ಯಾರ್ರೋ?"

ಗೇಟು ಹಿಡಿದು ಅಲ್ಲಾಡಿಸಿದರು. ಕಬ್ಬಿಣ ಗಡಗಡ ಎಂದಿತು. ಆದಿನಾರಾಯಣಪ್ಪನವರು ಅಮ್ಮಾ ಅಮ್ಮಾ ಎನ್ನುತ್ತಾ ಹಿಂದೆ ಹೋದರು, ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಊರ ಕಡೆಯಿಂದ ಹೆಂಗಸರು ಒಬ್ಬೊಬ್ಬರೇ ಬಂದು ನಿಂತರು. ಅವರಾರೂ ಅಶ್ವತ್ಥಮ್ಮನ ದನಿಯನ್ನು ಇಷ್ಟು ದೂರದಿಂದ ಕೇಳಿದವರಲ್ಲ. ಬಯ್ಗುಳ ಮಾತ್ರ, ನಾನು ಒಪ್ಪಿಕೊಳ್ಳಬೇಕು, ನಮ್ಮ ದ್ಯಾವಮ್ಮನಿಗೂ ಹೊಸದು.

ಕಾವಲಿನವನು, ದೇವರಾಜ್ ಎಂದು ಅವನ ಅಂಗಿಯ ಮೇಲೆ ಬರೆದಿತ್ತು, ಕುರ್ಚಿ ಬಿಟ್ಟು ಎದ್ದು ನಿಂತಿದ್ದ. ಒಂದು ಕೈ ಫೋನಿನ ಮೇಲೆ, ಇನ್ನೊಂದು ಬೀಗದ ಕೈ ಗೊಂಚಲಿನ ಮೇಲೆ. ಹೊಂಗೇಕುಂಟೆಯಿಂದ ಹೆಣ್ಣು ಬರುತ್ತದೆ ಎಂದು ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತಲ್ಲ. ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದ.

"ಅಜ್ಜಿ, ಹೊಂಗೇಕುಂಟೆಯೋರು ನೀವೇನಾ?"

ಅಶ್ವತ್ಥಮ್ಮ ಹೂಂ ಎಂದಿದ್ದರೆ ಕೆಲಸ ಇನ್ನೂ ಬೇಗ ಆಗುತ್ತಿತ್ತು. ಹೂಂ ಎನ್ನುತ್ತಾರೆಂದೇ ನಾನೂ ಅಂದುಕೊಂಡೆ. ಅವರು ಹಿಂದೆ ತಿರುಗಿ ಹರ್ಷಿತಳನ್ನು ನೋಡಿದರು, ಆಮೇಲೆ ಗೇಟಿನ ಸಂದಿಯಿಂದ ಅವನ ಮುಖಕ್ಕೆ ಮುಖ ಕೊಟ್ಟರು.

"ಬಿದಿರೇನಹಳ್ಳಿಯೋಳೇ ಕಣೋ. ಈ ಗೇಟು ತೆಗಿ."

ಅವನು ಫೋನ್ ಮಾಡಿದ. ಯಾರ ಹತ್ತಿರವೋ ಸರ್ ಸರ್ ಎಂದ, ಹೆಂಗಸರೆಲ್ಲ ಸೇರಿದ್ದಾರೆ ಎಂದ. ಆಮೇಲೆ ಬೀಗ ತೆಗೆದ. ಇವತ್ತು ಮಾತ್ರ ಎಂದೇನೋ ಗೊಣಗಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಎಲ್ಲರಿಗಿಂತ ಮುಂದೆ ನಡೆದು ತಮ್ಮ ಹೊಲಕ್ಕೆ ಹೋಗಿ, ಬದುವಿನ ಮೇಲೆ ಕುಸಿದು ಕೂತರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನಾವೆಲ್ಲ ಸ್ವಲ್ಪ ದೂರದಲ್ಲೇ ನಿಂತೆವು. ಮದುವೆಯ ಮಾತು ಎಲ್ಲಿಗೆ ಬಂತು ಎಂದು ಯಾರಿಗೂ ಕೇಳುವ ಧೈರ್ಯ ಇರಲಿಲ್ಲ, ನನಗೂ ಇರಲಿಲ್ಲ. ಅಂಜನ್ ಮಾತ್ರ ಹರ್ಷಿತಳ ಪಕ್ಕ ಬಿಟ್ಟು ಕದಲಲಿಲ್ಲ.

ಅಜ್ಜಿಯೇ ಕೈ ಚಾಚಿದರು. ಎದೆ ಹೊಡೆದುಕೊಳ್ಳುತ್ತಿದೆ, ನಾಡಿ ನೋಡು ಬಾ ಎಂದು ಹರ್ಷಿತಳನ್ನು ಕರೆದರು. ಹರ್ಷಿತ ಹೋಗಿ ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದು, ವಾಚು ನೋಡುತ್ತಾ, ಏನೂ ಆಗಿಲ್ಲ ಅಜ್ಜಿ, ಸ್ವಲ್ಪ ನೀರು ಕುಡಿಯಿರಿ ಎಂದಳು. ಅಜ್ಜಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಎಂದು ಕಿವಿ ಹತ್ತಿರ ತಂದರು, ಮೊಮ್ಮಗ ತರುತ್ತಿದ್ದನಲ್ಲ, ಹಾಗೇ. ನಾಡಿ ನೋಡಿ ಆದ ಮೇಲೂ ಆ ಕೈ ಬಿಡಲಿಲ್ಲ. ಎಲೆ ಅಡಿಕೆ ಶುಕ್ರವಾರವೇ ಇಟ್ಟುಕೊಳ್ಳೋಣ ಎಂದರು.

ಮಾರನೇ ದಿನ ಗೇಟಿಗೆ ಮತ್ತೆ ಬೀಗ ಬಿತ್ತಂತೆ. ಆದರೆ ಅಷ್ಟು ಹೊತ್ತಿಗೆ ಬಿದಿರೇನಹಳ್ಳಿಯ ಹೆಂಗಸರೆಲ್ಲ ಸೊಪ್ಪಿನ ಹೊರೆ ಹೊತ್ತು ಅಲ್ಲಿ ನಿಂತಿದ್ದರಂತೆ. ಈಗ ಬೀಗ ಇಲ್ಲ, ದಾರಿ ಇದೆ.

ಮದುವೆಗೆ ಮುಂಚೆ ನಮ್ಮ ಅಂಗಳದಲ್ಲಿ ಅರಿಶಿನ ಹಚ್ಚುವ ಶಾಸ್ತ್ರ ಇಟ್ಟೆವು. ಅಶ್ವತ್ಥಮ್ಮ ಅರಿಶಿನದ ಬಟ್ಟಲು ತಂದಿದ್ದರು. ಮೊದಲು ಯಾರು ಹಚ್ಚಬೇಕು ಎಂದು ನಮ್ಮೂರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಅವರು ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಹಚ್ಚು ಬೀಗಿತ್ತಿ, ನಿನ್ನ ಕೈಯೇ ಆಗಬೇಕು ಎಂದರು. ನನ್ನ ಮಗಳ ಕೆನ್ನೆಗೆ ನಾನೇ ಹಚ್ಚಿದೆ. ಕಣ್ಣು ಮಂಜಾಗಿ ಸ್ವಲ್ಪ ಮೂಗಿಗೂ ಮೆತ್ತಿತು.

ಆಗಲೇ ಜಗಲಿಯ ಮೇಲೆ ಎಲೆ ಅಡಿಕೆ ಅಗಿಯುತ್ತಾ ಕೂತಿದ್ದ ಮುನಿಸ್ವಾಮಿಯ ಮಾತು ಕಿವಿಗೆ ಬಿತ್ತು. ಯಾರಿಗೋ ಹೇಳುತ್ತಿದ್ದ, ಬಿದಿರೇನಹಳ್ಳಿಯಿಂದ ಹೆಣ್ಣು ತರುವುದಾದರೆ ಹುಷಾರು, ಆ ಊರ ಹೆಂಗಸರಿಗೆ ಬಾಯಿ ಜಾಸ್ತಿ ಎಂದು. ಅವನಿಗೆ ಗೊತ್ತಿದ್ದದ್ದು ಒಬ್ಬ ಅಶ್ವತ್ಥಮ್ಮ. ಆದರೆ ಹೇಳುವಾಗ ಮುಖದಲ್ಲಿ ಅದೇ ಓಹೋ ಇತ್ತು.

ನಾನು ಎದ್ದು ಹೋಗಿ, ಅರಿಶಿನ ಮೆತ್ತಿದ ಕೈಯಿಂದಲೇ ಅವನ ಬಾಯಿ ಮುಚ್ಚಿದೆ. ಮೂಗು, ಮೀಸೆ, ಎಲೆ ಅಡಿಕೆ ಎಲ್ಲಾ ಹಳದಿ. ಅಂಗಳ ಗೊಳ್ಳೆಂದಿತು. ದ್ಯಾವಮ್ಮ ಮಂಡಿ ನೋವು ಮರೆತು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಒಂದು ಊರು ಸಾಲದು ಅಂತ ಇನ್ನೊಂದು ಊರಿಗೂ ಹೆಸರಿಡುತ್ತೀಯಾ, ಮೊದಲು ಎಷ್ಟು ಜನರನ್ನು ನೋಡಿದ್ದೀಯ ಹೇಳು ಎಂದು ನಾನು ಶುರು ಮಾಡಿದೆ. ಶುರು ಮಾಡಿದರೆ ನನ್ನನ್ನು ನಿಲ್ಲಿಸಿದವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ.

"ಅಮ್ಮಾ, ಸಾಕು," ಎಂದಳು ಹರ್ಷಿತ.

ಅವಳು ದನಿ ಎತ್ತಲಿಲ್ಲ. ಮಣೆಯ ಮೇಲಿಂದ ಏಳಲೂ ಇಲ್ಲ. ಅಷ್ಟು ಗದ್ದಲದಲ್ಲಿ ಅದು ಕೇಳಿಸಲೇಬಾರದಿತ್ತು. ಆದರೆ ದ್ಯಾವಮ್ಮ ಚಪ್ಪಾಳೆ ನಿಲ್ಲಿಸಿದಳು, ಅಶ್ವತ್ಥಮ್ಮ ನಗು ನಿಲ್ಲಿಸಿದರು, ಹೊಂಗೇಕುಂಟೆಯ ಅಂಗಳ ಪೂರ್ತಿ ಸುಮ್ಮನಾಯಿತು. ನಾನೂ ಕೈ ಒರೆಸಿಕೊಂಡು ಅವಳ ಪಕ್ಕ ಹೋಗಿ ಕೂತೆ.